ಮಿಡ್‌ಫೀಲ್ಡ್‌ನಲ್ಲಿ ಆಡಿದವನು ಕೋಚ್ ಆಗಬೇಕಂದ್ರೆ ದಾವಣಗೆರೆಯಿಂದ ದಾರಿ ಯಾವುದು?

ಎರೆಮಣ್ಣು_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನಮ್ಮ ಫುಟ್‌ಬಾಲ್ ತಂಡದ ಹುಡುಗನೊಬ್ಬನ ಪರವಾಗಿ ಕೇಳ್ತಿದ್ದೀನಿ. ವಯಸ್ಸು 28. ಸೆಂಟ್ರಲ್ ಮಿಡ್‌ಫೀಲ್ಡರ್. ಯೂನಿವರ್ಸಿಟಿ ತಂಡಕ್ಕೆ ಆಡಿ, ಆಮೇಲೆ ಬೆಂಗಳೂರಿನ ಡಿವಿಷನ್ ಲೀಗ್‌ನಲ್ಲಿ ಆಡಿದ್ದಾನೆ. ಬಲ ಮೊಣಕಾಲಿನ ಎಸಿಎಲ್ (ಮೊಣಕಾಲಿನ ಒಳಗಿನ ಕಟ್ಟುನಾರು) ಹರಿದು ಆಪರೇಷನ್ ಆಗಿದೆ, ಮತ್ತೆ ಆ ಮಟ್ಟದಲ್ಲಿ ಆಡೋ ಯೋಚನೆ ಬಿಟ್ಟಿದ್ದಾನೆ. ಊರಲ್ಲೇ ಇದ್ದು ಕೋಚ್ ಆಗಬೇಕು ಅಂತ ಆಸೆ.

ಲೈಸೆನ್ಸ್ ಯಾವುದು ಮೊದಲು ಮಾಡಬೇಕು? ಸರ್ಕಾರಿ ಕೆಲಸಕ್ಕೂ ಅದೇ ನಡೆಯುತ್ತಾ? ಹತ್ತು ವರ್ಷ ನಡು ಮೈದಾನದಲ್ಲಿ ಆಡಿದ್ದು ಕೋಚಿಂಗ್‌ಗೆ ಎಷ್ಟರ ಮಟ್ಟಿಗೆ ಕೈ ಹಿಡಿಯುತ್ತೆ? ಹೈಸ್ಕೂಲ್ ಮೈದಾನದಂಥ ಗಟ್ಟಿ ನೆಲದಲ್ಲಿ 11ರಿಂದ 13 ವರ್ಷದ 20 ಹುಡುಗರನ್ನ ಕೊಟ್ರೆ ಮೊದಲ ತಿಂಗಳು ಏನು ಮಾಡಿಸಬೇಕು? ತಿಳಿದವರು ವಿವರವಾಗಿ ಬರೀರಿ.

ಹಾಫ್‌ಲೈನ್_ದುರ್ಗ:

ಮೊದಲು ಕಾಗದಪತ್ರದ ವಿಷಯ, ಯಾಕಂದ್ರೆ ಇಲ್ಲೇ ಜಾಸ್ತಿ ಜನ ಎಡವೋದು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಅಂದ್ರೆ ಎಐಎಫ್‌ಎಫ್‌ನ ಏಣಿ ಹೀಗಿದೆ: ಡಿ, ಸಿ, ಬಿ, ಎ, ಕೊನೆಗೆ ಪ್ರೊ. 18 ತುಂಬಿದವರು ಡಿ ಲೈಸೆನ್ಸ್ ಕೋರ್ಸ್‌ಗೆ ಹಾಕಬಹುದು. ಆರು ದಿನದ ಕೋರ್ಸ್ ಅದು. ಬೆಳಗ್ಗೆ ಪಾಠ, ಮೈದಾನದಲ್ಲಿ ಪ್ರಾಕ್ಟಿಕಲ್, ಕೊನೆಗೆ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಕೆಎಸ್‌ಎಫ್‌ಎ (ರಾಜ್ಯ ಫುಟ್‌ಬಾಲ್ ಸಂಸ್ಥೆ) ಮೂಲಕ ನಡೆಯುತ್ತೆ, ಬಹುಪಾಲು ಬೆಂಗಳೂರಲ್ಲೇ. ಒಂದು ಬ್ಯಾಚ್‌ಗೆ ಸೀಟು ಕಡಿಮೆ, ಪ್ರಕಟಣೆ ಬಂದ ಕೆಲವೇ ದಿನಕ್ಕೆ ತುಂಬಿಹೋಗುತ್ತೆ. ಅದಕ್ಕೇ ಎಐಎಫ್‌ಎಫ್‌ನ ಸಿಆರ್‌ಎಸ್ (ಆನ್‌ಲೈನ್ ನೋಂದಣಿ ವ್ಯವಸ್ಥೆ) ನೋಂದಣಿಯನ್ನ ಈಗಲೇ ಮಾಡಿಸಿಡ್ರಿ. ಆಧಾರ್‌ನಲ್ಲಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ಥರ ಇರಬೇಕು. ತಂದೆ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ರೂ ಅರ್ಜಿ ವಾಪಸ್ ಬರೋ ಸಾಧ್ಯತೆ ಇದೆ. ಆಟಗಾರನಾಗಿ ಹಳೆಯ ನೋಂದಣಿ ಇದ್ರೆ ಅದನ್ನೇ ಮುಂದುವರಿಸಲಿ, ಹೊಸದು ತೆಗೆಯೋದು ಬೇಡ.

ಡಿ ಆದ ತಕ್ಷಣ ಸಿ ಅಂತ ಓಡೋಕೆ ಆಗಲ್ಲ. ನಡುವೆ ಒಂದು ತಂಡದ ಜೊತೆ ಕೆಲಸ ಮಾಡಿರಬೇಕು, ಅದಕ್ಕೆ ದಾಖಲೆ ಬೇಕು. ಇದಕ್ಕೇ ಮೊದಲ ದಿನದಿಂದ ಒಂದು ನೋಟ್‌ಬುಕ್ ಇಡೋದು: ದಿನಾಂಕ, ಎಷ್ಟು ಹುಡುಗರು ಬಂದ್ರು, ಯಾವ ವಿಷಯ, ಚೌಕದ ಅಳತೆ, ಏನು ಕೆಲಸ ಮಾಡಲಿಲ್ಲ. ಕ್ಲಬ್ಬಿನ ಲೆಟರ್‌ಹೆಡ್‌ನಲ್ಲಿ ಕಾರ್ಯದರ್ಶಿಯ ಸಹಿಯಿರೋ ಪತ್ರವೂ ಬೇಕಾಗುತ್ತೆ. ಲೈಸೆನ್ಸ್‌ಗಳಿಗೆ ಅವಧಿ ಇದೆ, ನವೀಕರಣಕ್ಕೆ ಮುಂದುವರಿದ ಕಲಿಕೆಯ ಗಂಟೆಗಳನ್ನ ತೋರಿಸಬೇಕು.

ಸರ್ಕಾರಿ ಕೆಲಸದ ದಾರಿ ಬೇರೆ, ಇದನ್ನ ಆ ಹುಡುಗನಿಗೆ ಈಗಲೇ ಬಿಡಿಸಿ ಹೇಳಿ. ಕ್ಲಬ್ಬು, ಅಕಾಡೆಮಿಗಳು ಕೇಳೋದು ಎಐಎಫ್‌ಎಫ್ ಲೈಸೆನ್ಸ್. ಕ್ರೀಡಾ ಇಲಾಖೆ, ಕ್ರೀಡಾ ಹಾಸ್ಟೆಲ್, ಭಾರತೀಯ ಕ್ರೀಡಾ ಪ್ರಾಧಿಕಾರ (ಸಾಯ್) ಅಂಥ ಕಡೆ ತರಬೇತುದಾರರ ಹುದ್ದೆಗೆ ಸಾಮಾನ್ಯವಾಗಿ ಕೇಳೋದು ಎನ್‌ಐಎಸ್ ಡಿಪ್ಲೊಮಾ, ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯದು. ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕನಾಗಬೇಕಾದ್ರೆ ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ). ಎನ್‌ಐಎಸ್‌ನ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಬೇರೆ, ಪೂರ್ತಿ ಡಿಪ್ಲೊಮಾ ಬೇರೆ. ಆರು ವಾರದ್ದು ಮಾಡಿ ಡಿಪ್ಲೊಮಾ ಹುದ್ದೆಗೆ ಅರ್ಜಿ ಹಾಕಿದ್ರೆ ತಿರಸ್ಕೃತ ಆಗುತ್ತೆ.

28ನೇ ವಯಸ್ಸಲ್ಲಿ ನನ್ನ ಸಲಹೆ: ಈ ವರ್ಷ ಡಿ, ಅದರ ಜೊತೆಗೇ ಒಂದು ಶಾಲೆಯ ತಂಡ. ಪದವಿ ಇದ್ದು ಕಾಯಂ ಸಂಬಳ ಅನಿವಾರ್ಯ ಅನ್ನೋ ಪರಿಸ್ಥಿತಿ ಇದ್ರೆ ಮಾತ್ರ ಬಿಪಿಎಡ್ ಮೊದಲು.

ಆರನೇ_ನಂಬರ್:

ಆಡಿದ ಅನುಭವ ಎಷ್ಟು ಉಪಯೋಗ ಅನ್ನೋ ಪ್ರಶ್ನೆಗೆ ನಾಲ್ಕೈದು ಜನರ ವೃತ್ತಿಜೀವನ ನೋಡಿದ್ರೆ ಉತ್ತರ ಸಿಗುತ್ತೆ. ನಮ್ಮ ರಾಜ್ಯದವರಿಂದಲೇ ಶುರು ಮಾಡೋಣ.

ಕಾರ್ಲ್ಟನ್ ಚಾಪ್‌ಮನ್, ಬೆಂಗಳೂರಿನವರು, 1971ರಲ್ಲಿ ಹುಟ್ಟಿದ್ದು. ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ವಿರುದ್ಧ 6–2 ಗೆಲುವು, ಅದರಲ್ಲಿ ಚಾಪ್‌ಮನ್ ಅವರದೇ ಹ್ಯಾಟ್ರಿಕ್. ಆಮೇಲೆ ಪಂಜಾಬಿನ ಜೆಸಿಟಿ ಕ್ಲಬ್, ಅಲ್ಲಿ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ ಜೊತೆ 1996–97ರ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ. ಎಫ್‌ಸಿ ಕೊಚ್ಚಿನ್‌ನಲ್ಲಿ ಸ್ವಲ್ಪ ಕಾಲ ಇದ್ದು ಮತ್ತೆ ಈಸ್ಟ್ ಬೆಂಗಾಲ್, ನಾಯಕನಾಗಿ 2000–01ರ ರಾಷ್ಟ್ರೀಯ ಲೀಗ್. ಭಾರತ ತಂಡವನ್ನೂ ಮುನ್ನಡೆಸಿದವರು. ಇಷ್ಟೆಲ್ಲ ಆಡಿದವರು ನಿವೃತ್ತಿ ಆದ ಮೇಲೆ ಮೊದಲು ಹೋಗಿದ್ದು ತಾವು ಕಲಿತ ಟಾಟಾ ಅಕಾಡೆಮಿಗೇ, ಹುಡುಗರಿಗೆ ಕಲಿಸೋಕೆ. ಅಲ್ಲಿಂದ ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೊನೆಯ ವರ್ಷಗಳಲ್ಲಿ ಕೋಯಿಕ್ಕೋಡಿನ ಅಕಾಡೆಮಿ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು, 49 ವರ್ಷಕ್ಕೇ. ಕರ್ನಾಟಕದ ಹೊಸ ಹುಡುಗರಿಗೆ ಈ ಹೆಸರು ಗೊತ್ತಿಲ್ಲದಿರೋದು ನಿಜಕ್ಕೂ ಬೇಸರದ ವಿಷಯ. ಕೋಚ್ ಆಗೋಕೆ ಹೊರಟವನು ಇವರ ಬಗ್ಗೆ ತಿಳಿದಿರಲೇಬೇಕು.

ಎರಡನೆಯವರು ಖಾಲಿದ್ ಜಮೀಲ್. ಕುವೈತಿನಲ್ಲಿ ಹುಟ್ಟಿದ ಮಿಡ್‌ಫೀಲ್ಡರ್, ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ, ಮುಂಬೈ ಎಫ್‌ಸಿಗೆ ಆಡಿದವರು. ಗಾಯಗಳ ಕಾಟ ಬಹಳ. 2009ರಲ್ಲಿ ಮುಂಬೈ ಎಫ್‌ಸಿಯ ಕೋಚ್ ಆದರು, ಏಳು ವರ್ಷ ಅಲ್ಲೇ. ಪ್ರಶಸ್ತಿ ಬರಲಿಲ್ಲ, ಕಡಿಮೆ ದುಡ್ಡಿನ ತಂಡವನ್ನ ಕೆಳಗೆ ಬೀಳದ ಹಾಗೆ ಕಾಪಾಡಿದ್ದೇ ಸಾಧನೆ. 2016ರಲ್ಲಿ ಆ ಕೆಲಸ ಹೋಯಿತು. ಮುಂದಿನ ಸೀಸನ್‌ನಲ್ಲೇ ಮಿಜೋರಾಂನ ಐಜ್ವಾಲ್ ಎಫ್‌ಸಿಯನ್ನ ರಾಷ್ಟ್ರಮಟ್ಟದ ಐ–ಲೀಗ್‌ನಲ್ಲಿ ಚಾಂಪಿಯನ್ ಮಾಡಿದರು, ಮೋಹನ್ ಬಾಗಾನ್‌ಗಿಂತ ಒಂದೇ ಒಂದು ಅಂಕ ಮುಂದೆ. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್. ಆ ಏಳು ವರ್ಷದ ಸದ್ದಿಲ್ಲದ ಕೆಲಸ ಇಲ್ಲದೆ ಐಜ್ವಾಲ್ ಆಗ್ತಿರಲಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಯುರೋಪಿನಲ್ಲಿ ಶಾಬಿ ಅಲೊನ್ಸೊ ನೋಡ್ರಿ. ಲಿವರ್‌ಪೂಲ್, ರಿಯಲ್ ಮ್ಯಾಡ್ರಿಡ್, ಬಯರ್ನ್ ಮೂರರಲ್ಲೂ ಆಡಿದ, ವಿಶ್ವಕಪ್ ಗೆದ್ದ ಆಟಗಾರ. 2017ರಲ್ಲಿ ಬೂಟು ಬಿಚ್ಚಿಟ್ಟ ಮೇಲೆ ಮೊದಲ ಕೆಲಸ ರಿಯಲ್ ಮ್ಯಾಡ್ರಿಡ್‌ನ 14ರೊಳಗಿನ ಹುಡುಗರು. ಆಮೇಲೆ ರಿಯಲ್ ಸೊಸಿಯೆದಾದ್‌ನ ಬಿ ತಂಡ, ಮೂರು ಸೀಸನ್. 2021ರಲ್ಲಿ ಆ ತಂಡ ಎರಡನೇ ಡಿವಿಷನ್‌ಗೆ ಏರಿತು, ಮರುವರ್ಷವೇ ಕೆಳಗಿಳಿಯಿತು. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ಲೆವರ್‌ಕುಸೆನ್ ಕ್ಲಬ್ ಕೈಗೆ ಬಂದಾಗ ತಂಡ 8 ಪಂದ್ಯದಲ್ಲಿ 5 ಅಂಕದೊಂದಿಗೆ 17ನೇ ಸ್ಥಾನದಲ್ಲಿತ್ತು. 2023–24ರಲ್ಲಿ ಅದೇ ತಂಡ 34 ಪಂದ್ಯದಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲದೆ ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲಿಗಾ ಗೆದ್ದಿತು.

ಇದಕ್ಕೆ ಎದುರು ಇಟಲಿಯ ಮಿಡ್‌ಫೀಲ್ಡರ್ ಆಂದ್ರೆಯಾ ಪಿರ್ಲೊ. ಪಾಸ್ ಕೊಡೋದರಲ್ಲಿ ಅವರ ಕಾಲದಲ್ಲಿ ಅವರಿಗೆ ಸಾಟಿ ಕಡಿಮೆ. 2020ರ ಬೇಸಿಗೆಯಲ್ಲಿ ಯುವೆಂಟಸ್‌ನ 23ರೊಳಗಿನ ತಂಡಕ್ಕೆ ನೇಮಕ ಆದರು, ಅಲ್ಲಿ ಒಂದು ಪಂದ್ಯ ನಡೆಸೋ ಮೊದಲೇ ಸೀನಿಯರ್ ತಂಡ ಕೈಗೆ ಕೊಟ್ಟರು. ಸತತ ಒಂಬತ್ತು ಲೀಗ್ ಗೆದ್ದಿದ್ದ ತಂಡ ಆ ವರ್ಷ ನಾಲ್ಕನೇ ಸ್ಥಾನಕ್ಕಿಳಿಯಿತು. ಇಟಾಲಿಯನ್ ಕಪ್ ಗೆದ್ದರೂ ಸೀಸನ್ ಮುಗಿದ ಕೂಡಲೇ ಕೆಲಸ ಹೋಯಿತು.

ಫ್ರಾನ್ಸ್‌ನ ಮಿಡ್‌ಫೀಲ್ಡರ್ ದಿದಿಯೆ ದೆಶಾಂ ಬಗ್ಗೆ ಯಾರಾದ್ರೂ ಕೇಳ್ತಾರೆ ಅಂತ ಈಗಲೇ ಹೇಳ್ತೀನಿ. ಆಡೋದು ಬಿಟ್ಟ 2001ರಲ್ಲೇ ನೇರವಾಗಿ ಮೊನಾಕೊ ಸೀನಿಯರ್ ತಂಡಕ್ಕೆ ಕೋಚ್, 2004ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, 2018ರಲ್ಲಿ ಫ್ರಾನ್ಸ್ ಕೋಚ್ ಆಗಿ ವಿಶ್ವಕಪ್. ಹಾಗಾಗಿ ನೇರ ಜಿಗಿತ ಆಗೋದೇ ಇಲ್ಲ ಅಂತಲ್ಲ. ಆದ್ರೆ ಆತ 1998ರ ವಿಶ್ವಕಪ್ ಗೆದ್ದ ತಂಡದ ನಾಯಕ, ಡ್ರೆಸ್ಸಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಅರ್ಧ ಕೋಚ್ ಆಗೇ ಇದ್ದವರು.

ನಡು ಮೈದಾನದಲ್ಲಿ ಆಡಿದವನಿಗೆ ಹಿಂದೆ ಮುಂದೆ ಎಡ ಬಲ ನಾಲ್ಕೂ ಕಡೆಯ ಚಿತ್ರ ತಲೆಯಲ್ಲಿರುತ್ತೆ, ಇದು ದೊಡ್ಡ ಬಂಡವಾಳ. ತೊಂದರೆ ಏನಂದ್ರೆ ಆ ಚಿತ್ರ ಹೇಗೆ ಬಂತು ಅನ್ನೋದು ಅವನಿಗೇ ಗೊತ್ತಿರಲ್ಲ, ಅಭ್ಯಾಸದಿಂದ ಬಂದಿರುತ್ತೆ. ಹನ್ನೆರಡರ ಹುಡುಗ ತಪ್ಪು ಪಾಸ್ ಕೊಟ್ಟಾಗ "ಅಲ್ಲಿ ಖಾಲಿ ಕಾಣ್ತಿಲ್ವಾ?" ಅಂತ ಕೂಗ್ತಾನೆ. ಆ ಹುಡುಗನಿಗೆ ನಿಜವಾಗ್ಲೂ ಕಂಡಿರಲ್ಲ. ಕಾಣೋ ಹಾಗೆ ಮಾಡೋದೇ ಕೋಚಿಂಗ್, ಅದನ್ನ ಚಿಕ್ಕ ಹುಡುಗರ ಜೊತೆ ಕಲಿತಷ್ಟು ಚೆನ್ನಾಗಿ ಬೇರೆಲ್ಲೂ ಕಲಿಯೋಕೆ ಆಗಲ್ಲ.

ಎರೆಮಣ್ಣು_ದಾವಣಗೆರೆ:

ಇಬ್ಬರಿಗೂ ಧನ್ಯವಾದ ಸರ್. ಆ "ಕಾಣೋ ಹಾಗೆ ಮಾಡೋದು" ಮೈದಾನದಲ್ಲಿ ಹೇಗೆ? ಅಳತೆ, ಸಮಯ ಸಮೇತ ಯಾರಾದ್ರೂ ಹೇಳ್ತೀರಾ? ಸಾಮಾನು ಏನೇನು ಬೇಕು ಅನ್ನೋದೂ ಇರಲಿ.

ಕೋನ್_ಬಿಬ್_ವಿಸಿಲ್:

20 ಹುಡುಗರಿಗೆ ಕನಿಷ್ಠ 10 ಚೆಂಡು, 40 ತಟ್ಟೆ ಕೋನ್, ಎರಡು ಬಣ್ಣದ ಬಿಬ್ (ತಂಡ ಗುರುತಿಸೋಕೆ ಮೇಲೆ ಹಾಕೋ ತೋಳಿಲ್ಲದ ಅಂಗಿ) ತಲಾ 10 ಮತ್ತು ಮೂರನೇ ಬಣ್ಣದ್ದು 6, ಒಂದು ಪಂಪು, ಗಾಳಿ ಅಳೆಯೋ ಗೇಜು, ನಾಲ್ಕೈದು ಹೆಚ್ಚುವರಿ ಸೂಜಿ. ಗೇಜು ಬಿಡಬೇಡಿ. 12 ತುಂಬೋವರೆಗೆ 4ನೇ ಸೈಜಿನ ಚೆಂಡು, ಆಮೇಲೆ 5ನೆಯದು. 5ನೇ ಸೈಜಿಗೆ ನಿಯಮದ ಪ್ರಕಾರ ಗಾಳಿ 0.6ರಿಂದ 1.1 ಬಾರ್. ನಮ್ಮ ಕಡೆ ಅಂಗಡಿಯವರು ಕಲ್ಲಿನ ಹಾಗೆ ತುಂಬಿ ಕೊಡ್ತಾರೆ, ಗಟ್ಟಿ ನೆಲದಲ್ಲಿ ಅದು ಮೊಣಕಾಲೆತ್ತರ ಪುಟಿಯುತ್ತೆ. ಹುಡುಗ ಚೆಂಡು ಹಿಡಿತಕ್ಕೆ ತರೋದರಲ್ಲೇ ಮುಳುಗಿರ್ತಾನೆ, ತಲೆ ಎತ್ತೋ ಪ್ರಶ್ನೆಯೇ ಇಲ್ಲ. 0.6ರ ಹತ್ತಿರಕ್ಕೆ ಇಳಿಸಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ಒಟ್ಟು 75 ನಿಮಿಷ ಸಾಕು. ವಾರ್ಮ್‌ಅಪ್‌ಗೆ ಫಿಫಾ 11+ ಮಾಡಿಸಿ. 15 ವ್ಯಾಯಾಮ, ರೂಢಿಯಾದ ಮೇಲೆ 20 ನಿಮಿಷ ಹಿಡಿಯುತ್ತೆ, ವಾರಕ್ಕೆ ಎರಡು ಸಲವಾದ್ರೂ ತಪ್ಪಬಾರದು. ಮೊದಲ ವಾರ ಎಲ್ಲ 15ನ್ನೂ ಕಲಿಸೋಕೆ ಹೋದ್ರೆ ಸಮಯವೆಲ್ಲ ಅದಕ್ಕೇ ಹೋಗುತ್ತೆ, ಓಟದ ಭಾಗ ಮತ್ತು ನಾಲ್ಕು ಬಲವರ್ಧಕ ವ್ಯಾಯಾಮದಿಂದ ಶುರು ಮಾಡಿ. ನೆಗೆದು ಇಳಿಯುವಾಗ ಮೊಣಕಾಲು ಒಳಕ್ಕೆ ಬಾಗ್ತಿದೆಯಾ ಅನ್ನೋದನ್ನ ಎದುರಿಗೆ ನಿಂತು ನೋಡಬೇಕು. ಮೊಣಕಾಲು ಪಾದದ ನೇರಕ್ಕೇ ಇರಬೇಕು.

ಆಮೇಲೆ ರೊಂಡೊ, ಅಂದ್ರೆ ಹೊರಗಿನವರು ಪಾಸ್ ಮಾಡ್ತಾ ನಡುವಿನವರಿಗೆ ಚೆಂಡು ಸಿಗದ ಹಾಗೆ ಆಡೋದು. ಹುಲ್ಲಿನ ಮೈದಾನದಲ್ಲಿ 8×8 ಮೀಟರ್ ಚೌಕ ನಡೆಯುತ್ತೆ, ಇಲ್ಲಿ 10×10 ಮಾಡಿ. ಏಳೇಳು ಜನರ ಎರಡು ಗುಂಪು, ಐವರ ಎದುರು ಇಬ್ಬರು. ಉಳಿದ ಆರು ಜನ ನಾಲ್ವರ ಎದುರು ಇಬ್ಬರು. ಎರಡು ಟಚ್ ಕೊಡಿ, ಅಂದ್ರೆ ಒಬ್ಬ ಚೆಂಡನ್ನ ಎರಡು ಸಲ ಮುಟ್ಟಬಹುದು. ಯೂಟ್ಯೂಬ್ ನೋಡಿ ಒಂದೇ ಟಚ್ ಅಂತ ಹಠ ಹಿಡಿದ್ರೆ ಈ ನೆಲದಲ್ಲಿ ಮೂರು ಪಾಸೂ ಆಗಲ್ಲ. ಚೆಂಡು ಕಳೆದುಕೊಂಡವನು ನಡುವೆ ಬರಬೇಕು ಅನ್ನೋ ನಿಯಮ ಬೇಡ. ಹಾಗೆ ಮಾಡಿದ್ರೆ ಸಾಧಾರಣ ಹುಡುಗನೇ ಹದಿನೈದು ನಿಮಿಷವೂ ನಡುವೆ ಓಡ್ತಿರ್ತಾನೆ, ಅವನಿಗೆ ಕಲಿಕೆ ಸಿಗಬೇಕಾದ ಜಾಗ ಹೊರಗಡೆ. 60 ಸೆಕೆಂಡಿಗೊಮ್ಮೆ ವಿಸಿಲ್ ಊದಿ ನಡುವಿನ ಇಬ್ಬರನ್ನ ಬದಲಾಯಿಸಿ. ಹೊರಗಿನವರ ನಿಲುವು ಗಮನಿಸಿ: ಚೆಂಡಿಗೆ ಎದೆಕೊಟ್ಟು ನೇರ ನಿಂತವನಿಗೆ ಒಂದೇ ಕಡೆ ಕಾಣುತ್ತೆ. ಅರ್ಧ ತಿರುಗಿ, ದೂರದ ಕಾಲಿನಲ್ಲಿ ಚೆಂಡು ತಗೊಂಡ್ರೆ ಮೈದಾನದ ಇನ್ನರ್ಧವೂ ಕಾಣುತ್ತೆ. ಮೊದಲ ತಿಂಗಳು ಇದೊಂದನ್ನೇ ತಿದ್ದಿದ್ರೂ ನಷ್ಟವಿಲ್ಲ.

ಮೂರನೆಯದು ಹಿಂದೆ ತಿರುಗಿ ನೋಡೋ ಅಭ್ಯಾಸ. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ದೊಡ್ಡ ಲೀಗ್‌ಗಳ ಮಿಡ್‌ಫೀಲ್ಡರ್‌ಗಳನ್ನ ಚಿತ್ರೀಕರಿಸಿ ಅಧ್ಯಯನ ಮಾಡಿದ್ದಾರೆ. ಚೆಂಡು ಬರೋ ಮುಂಚಿನ ಸೆಕೆಂಡುಗಳಲ್ಲಿ ಹೆಚ್ಚು ಸಲ ಸುತ್ತ ನೋಡಿದವರ ಪಾಸ್ ಹೆಚ್ಚು ಸಲ ಸರಿಯಾಗಿ ತಲುಪಿದೆ. ಅಭ್ಯಾಸ ಹೀಗೆ: ಮೂವರು ಒಂದೇ ಸಾಲಿನಲ್ಲಿ, ಎಂಟೆಂಟು ಮೀಟರ್ ಅಂತರ. ನಡುವಿನವನಿಗೆ ಒಬ್ಬ ಪಾಸ್ ಕೊಡ್ತಾನೆ, ಅವನ ಬೆನ್ನ ಹಿಂದಿನವನು ಕೆಂಪೋ ಹಳದಿಯೋ ಕೋನ್ ಎತ್ತಿರ್ತಾನೆ. ಚೆಂಡು ಕಾಲಿಗೆ ಮುಟ್ಟೋ ಮೊದಲು ನಡುವಿನವನು ಬಣ್ಣ ಹೇಳಬೇಕು. ಇದನ್ನ ಐದು ನಿಮಿಷಕ್ಕಿಂತ ಹೆಚ್ಚು ಮಾಡಿಸಬೇಡಿ, ಯಾಕಂದ್ರೆ ಹುಡುಗರು ಬಣ್ಣ ಹುಡುಕೋದು ಕಲೀತಾರೆ, ಎದುರಾಳಿಯನ್ನ ನೋಡೋದು ಕಲಿಯಲ್ಲ. ಆಮೇಲೆ ಕೋನ್ ತೆಗೆದು ಹಿಂದಿನವನನ್ನ ಡಿಫೆಂಡರ್ ಮಾಡಿ. ಅವನು ಕೆಲವು ಸಲ ಮೈಮೇಲೆ ಬರಲಿ, ಕೆಲವು ಸಲ ನಿಂತಲ್ಲೇ ನಿಲ್ಲಲಿ. ಬಂದ್ರೆ ಚೆಂಡು ಕೊಟ್ಟವನಿಗೇ ವಾಪಸ್, ನಿಂತ್ರೆ ತಿರುಗಿ ಮುಂದಕ್ಕೆ. ಪಾಸ್ ಕೊಟ್ಟವನು "ಆಳ್ ಐತೆ", "ಟೈಮ್ ಐತೆ", "ತಿರುಗು" ಅಂತ ಕೂಗಬೇಕು. ಈ ಮೂರು ಮಾತನ್ನ ಇಡೀ ತಂಡಕ್ಕೆ ಒಂದೇ ಥರ ನಿಗದಿ ಮಾಡಿ. ಒಬ್ಬ ಇಂಗ್ಲಿಷಿನಲ್ಲಿ, ಇನ್ನೊಬ್ಬ ಬರೀ "ಏಯ್" ಅಂತ ಕೂಗಿದ್ರೆ ಪಂದ್ಯದ ಗದ್ದಲದಲ್ಲಿ ಏನೂ ತಿಳಿಯಲ್ಲ.

ನಾಲ್ಕನೆಯದಾಗಿ ಆಟ. 30×20 ಮೀಟರ್‌ನಲ್ಲಿ ನಾಲ್ವರ ಎದುರು ನಾಲ್ವರು, ಜೊತೆಗೆ ಮೂರನೇ ಬಣ್ಣದ ಬಿಬ್‌ನ ಮೂವರು. ಈ ಮೂವರು ಚೆಂಡು ಯಾರ ಬಳಿ ಇದೆಯೋ ಆ ಕಡೆಗೆ ಆಡ್ತಾರೆ. ಉಳಿದ ಒಂಬತ್ತು ಜನರಿಗೆ ಪಕ್ಕದಲ್ಲೇ 25×18ರಲ್ಲಿ ಮೂವರ ಎದುರು ಮೂವರು, ಜೊತೆಗೆ ಮೂವರು. ಚೆಂಡು ಒಂದು ತುದಿಯಿಂದ ನಡುವಿನವನ ಮೂಲಕ ಇನ್ನೊಂದು ತುದಿ ಮುಟ್ಟಿದ್ರೆ ಒಂದು ಅಂಕ. ಸುಮ್ಮನೆ ಬಿಟ್ರೆ ಆ ಮೂವರೂ ಚೆಂಡಿನ ಹತ್ತಿರ ಮುತ್ತಿಕೊಳ್ತಾರೆ, ಅದಕ್ಕೇ ಎರಡು ತುದಿಗೆ ಒಬ್ಬೊಬ್ಬ, ನಡುವೆ ಒಬ್ಬನೇ ಅಂತ ಕಟ್ಟುನಿಟ್ಟು. ನಾಲ್ಕು ನಿಮಿಷಕ್ಕೊಮ್ಮೆ ನಡುವಿನವನನ್ನ ಬದಲಾಯಿಸಿ, ಎಲ್ಲರೂ ಆ ಜಾಗದಲ್ಲಿ ನಿಂತು ನೋಡಲಿ.

ಕೊನೆಗೆ ಎರಡು ಪುಟ್ಟ ಅಂಗಳದಲ್ಲಿ ಐವರ ಎದುರು ಐವರು, ಎರಡು ಮೀಟರ್ ಅಗಲದ ಗೋಲು, ಗೋಲ್‌ಕೀಪರ್ ಇಲ್ಲ. ಈ ಹೊತ್ತಿನಲ್ಲಿ ಬಾಯಿ ಕಟ್ಟಿಕೊಂಡು ನೋಡಬೇಕು. ಹಳೇ ಮಿಡ್‌ಫೀಲ್ಡರ್‌ಗಳಿಗೆ ಇದೇ ಕಷ್ಟ, ಅರ್ಧ ನಿಮಿಷಕ್ಕೊಮ್ಮೆ ಆಟ ನಿಲ್ಲಿಸ್ತಾರೆ. ಇಡೀ 75 ನಿಮಿಷದಲ್ಲಿ ಮೂರು ಸಲ ಮಾತ್ರ ನಿಲ್ಲಿಸಿ, ಪ್ರತಿ ಸಲ ಒಂದೇ ಪ್ರಶ್ನೆ: "ನಿನ್ನ ಬೆನ್ನ ಹಿಂದೆ ಯಾರಿದ್ರು?" ಉತ್ತರ ನೀವೇ ಹೇಳಿಬಿಡಬೇಡಿ. ಐದು ಸೆಕೆಂಡು ಕಾದ್ರೆ ಯಾರಾದ್ರೊಬ್ಬ ಹುಡುಗ ಹೇಳ್ತಾನೆ.

ಹಾಫ್‌ಲೈನ್_ದುರ್ಗ:

ಮೇಲಿನವರು ಬರೆದದ್ದು ಬಹಳ ಸರಿ. ಮೊಣಕಾಲಿನ ಬಗ್ಗೆ ಒಂದು ಮಾತು ಸೇರಿಸ್ತೀನಿ. ಎಸಿಎಲ್ ಆಪರೇಷನ್ ಆದ ಒಂಬತ್ತು ತಿಂಗಳೊಳಗೆ ತಿರುಗೋದು, ನೆಗೆಯೋದು ಇರೋ ಆಟಕ್ಕೆ ವಾಪಸ್ ಬಂದವರಲ್ಲಿ ಮತ್ತೆ ಹರಿಯೋ ಅಪಾಯ ಹೆಚ್ಚು. ಅವಧಿ ಮುಗಿದ್ರೂ ಫಿಸಿಯೋಥೆರಪಿಸ್ಟ್ ಎರಡೂ ಕಾಲಿನ ಬಲ ಹೋಲಿಸಿ ನೋಡಿ ಒಪ್ಪಬೇಕು. ಡಿ ಕೋರ್ಸ್‌ನಲ್ಲಿ ಕಲಿಯೋಕೆ ಬಂದವರೇ ಪರಸ್ಪರರ ಸೆಷನ್‌ಗೆ ಆಟಗಾರರಾಗಿ ಓಡ್ತಾರೆ. ಹಾಗಾಗಿ ಮೊಣಕಾಲು ಪೂರ್ತಿ ಸಿದ್ಧವಾಗದೆ ಕೋರ್ಸ್‌ಗೆ ಹೋಗೋದು ಬೇಡ, ಹೋದ್ರೆ ಮೊದಲ ದಿನವೇ ಬೋಧಕರಿಗೆ ತಿಳಿಸಲಿ. ಊರಲ್ಲಿ ಕಲಿಸುವಾಗ ಪ್ರತಿಯೊಂದನ್ನೂ ತಾನೇ ಮಾಡಿ ತೋರಿಸಬೇಕಿಲ್ಲ, ಚೆನ್ನಾಗಿ ಮಾಡೋ ಹುಡುಗನಿಂದ ಮಾಡಿಸಲಿ. ಹುಡುಗರೂ ದೊಡ್ಡವರನ್ನ ನೋಡಿ ಕಲಿಯೋದಕ್ಕಿಂತ ತಮ್ಮ ಓರಗೆಯವನನ್ನ ನೋಡಿ ಬೇಗ ಕಲೀತಾರೆ.

ನೆಲದ ವಿಷಯ. ಎರೆಮಣ್ಣು ಮಾರ್ಚ್‌ನಿಂದ ಬಿರುಕು ಬಿಡುತ್ತೆ, ಸ್ಟಡ್ ಸಿಕ್ಕಿಕೊಂಡು ದೇಹ ತಿರುಗಿದ್ರೆ ಮೊಣಕಾಲಿಗೇ ಪೆಟ್ಟು. ಉದ್ದ ಸ್ಟಡ್‌ನ ಬೂಟು ಬೇಡ, ತಳದಲ್ಲಿ ಸಣ್ಣ ರಬ್ಬರ್ ಗುಬುಟು ಇರೋ ಟರ್ಫ್ ಶೂ ಸಾಕು, ಬೆಲೆಯೂ ಕಡಿಮೆ. ಹುಡುಗರು ಬರೋ ಹತ್ತು ನಿಮಿಷ ಮುಂಚೆ ಚೌಕದ ಜಾಗವನ್ನ ನಡೆದು ನೋಡಿ ಗಾಜು, ಮೊಳೆ, ಕಲ್ಲು ಆರಿಸಬೇಕು, ಮುಖ್ಯವಾಗಿ ಸಭೆ ಸಮಾರಂಭದ ಮರುದಿನ. ಪೆಂಡಾಲಿನ ಗೂಟದ ಗುಂಡಿಗಳನ್ನ ಮುಚ್ಚದೆ ಆಡಿಸಲೇಬಾರದು. ಏಪ್ರಿಲ್, ಮೇನಲ್ಲಿ ಬೆಳಗ್ಗೆ 6.15ಕ್ಕೆ ಶುರು ಮಾಡಿ 7.30ಕ್ಕೆ ಮುಗಿಸಿ, ಹದಿನೈದು ನಿಮಿಷಕ್ಕೊಮ್ಮೆ ನೀರು. ಸಂಜೆ ಕ್ರಿಕೆಟ್‌ನವರ ಜೊತೆ ಜಾಗ ಹಂಚಿಕೊಳ್ಳೋದು ಕಷ್ಟ, ಟೆನಿಸ್ ಬಾಲ್ ಆದ್ರೂ ಕಣ್ಣಿಗೆ ಬಿದ್ರೆ ಅಪಾಯವೇ.

ಇನ್ನು ಮಕ್ಕಳ ಸುರಕ್ಷತೆ, ಇದನ್ನ ಯಾರೂ ಹಗುರವಾಗಿ ತಗೋಬಾರದು. ಪ್ರತಿ ಹುಡುಗನ ಪೋಷಕರ ಸಹಿಯಿರೋ ಒಪ್ಪಿಗೆ ಪತ್ರ, ಇಬ್ಬರ ಫೋನ್ ನಂಬರ್, ಆಸ್ತಮಾ ಅಥವಾ ಅಲರ್ಜಿ ಇದ್ರೆ ಅದರ ವಿವರ ಒಂದು ಫೈಲಿನಲ್ಲಿ ಇರಲಿ, ಆ ಫೈಲು ಮೈದಾನಕ್ಕೇ ಬರಲಿ. ಯಾವ ಹುಡುಗನ ಜೊತೆಗೂ ಕೋಚ್ ಒಬ್ಬನೇ ಮುಚ್ಚಿದ ಕೋಣೆಯಲ್ಲಿ ಇರಬಾರದು, ಊರಾಚೆ ಪಂದ್ಯಕ್ಕೆ ಹೋಗುವಾಗ ಕನಿಷ್ಠ ಇಬ್ಬರು ದೊಡ್ಡವರು ಜೊತೆಗಿರಬೇಕು. ಪಂದ್ಯ ಮುಗಿದ ಮೇಲೆ ಕೊನೆಯ ಹುಡುಗನ ಮನೆಯವರು ಬರೋವರೆಗೂ ಮೈದಾನ ಬಿಡೋ ಹಾಗಿಲ್ಲ.

ಅವನು ಡಿ ಕೋರ್ಸ್‌ಗೆ ಹೋಗೋ ಮುಂಚೆ ಮೇಲೆ ಹೇಳಿದ ಸೆಷನ್‌ನ ಎರಡು ತಿಂಗಳು ನಡೆಸಿರಲಿ. ಪರೀಕ್ಷೆಯಲ್ಲಿ ವಿಷಯ ಕೊಟ್ಟು, ಅಲ್ಲೇ ಹಾಳೆಯ ಮೇಲೆ ಅಂಗಳ ಬರೆದು, ಆಮೇಲೆ ಮೈದಾನದಲ್ಲಿ ನಡೆಸು ಅಂತಾರೆ. ಚೌಕದ ಅಳತೆ, ಆಟಗಾರರ ಸಂಖ್ಯೆ, ಸಮಯ ಈ ಮೂರನ್ನ ಬರೆಯದೆ ಬರೀ ಬಾಣದ ಗುರುತು ಹಾಕಿದವರು ಅಂಕ ಕಳ್ಕೊಳ್ತಾರೆ.

ಎರೆಮಣ್ಣು_ದಾವಣಗೆರೆ:

ಬಹಳ ಉಪಕಾರ ಆಯ್ತು ಸರ್. ಇಡೀ ಥ್ರೆಡ್ ಪ್ರಿಂಟ್ ತೆಗೆದು ಅವನಿಗೆ ಕೊಡ್ತೀನಿ. ಸಿಆರ್‌ಎಸ್‌ನಲ್ಲಿ ಹಳೇ ನೋಂದಣಿ ಇದೆಯಂತೆ, ಹೆಸರಿನ ಇನಿಷಿಯಲ್ ಮಾತ್ರ ಆಧಾರ್‌ಗೆ ಹೊಂದಲ್ಲ. ಈ ವಾರ ಮೊದಲು ಅದನ್ನ ಸರಿ ಮಾಡಿಸ್ತೀವಿ.